ಕಾಗದಪತ್ರ ಸರಿಯಿದೆ, ಕಟ್ಟಡ ಹೇಗಿದೆ?

ಬೆಂಗಳೂರಿನಲ್ಲಿ ಒಂದು ಕೋಟಿ ರೂಪಾಯಿಯ ಫ್ಲಾಟ್ ಕೊಳ್ಳುವವರು ನೋಂದಣಿಯ ಹೊತ್ತಿಗೆ ಸರ್ಕಾರಕ್ಕೆ ಕಟ್ಟುವ ಹಣವೇ ಸುಮಾರು 7.6 ಲಕ್ಷ ರೂಪಾಯಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. ವಕೀಲರ ಫೀಸು, ಬ್ರೋಕರ್ ಕಮಿಷನ್, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಇವೆಲ್ಲ ಬೇರೆ. ವಾಸ್ತು ನೋಡಿಸುವವರು ಅದಕ್ಕೂ ಒಂದಿಷ್ಟು ತೆಗೆದಿಡುತ್ತಾರೆ. ಆದರೆ ಕಟ್ಟಡ ಬಲ್ಲ ಒಬ್ಬ ಎಂಜಿನಿಯರನ್ನು ಕರೆದು, ‘ಈ ಮನೆ ಹೇಗಿದೆ ನೋಡಿ ಹೇಳಿ’ ಎಂದು ಕೇಳುವವರು ಬಹಳ ಕಡಿಮೆ.

ಇದಕ್ಕೆ ಕಾರಣವಿದೆ. ನಮ್ಮ ಊರಿನಲ್ಲಿ ಜನ ಸುಟ್ಟುಕೊಂಡಿರುವುದು ಹೆಚ್ಚಾಗಿ ಕಾಗದದಲ್ಲಿ. ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ ಬಿ ಖಾತಾ, ನಕ್ಷೆ ಮೀರಿ ಕಟ್ಟಿದ ಮಹಡಿ, ರಾಜಕಾಲುವೆ ಒತ್ತುವರಿ, ಓಸಿಯೇ (ವಾಸಯೋಗ್ಯ ಪ್ರಮಾಣಪತ್ರ) ಸಿಗದ ಅಪಾರ್ಟ್‌ಮೆಂಟು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ನೋಡದೆ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ಹೇಳಿದ ಮೇಲಂತೂ ಓಸಿ ಎಂಬುದು ಮನೆಮನೆಯ ಮಾತಾಗಿದೆ. ಮೂಲಪತ್ರ, ಇಸಿ (ಋಣಭಾರ ಪತ್ರ), ಇ-ಖಾತಾ, ಓಸಿ ಸರಿಯಿದ್ದರೆ ಎಲ್ಲವೂ ಸರಿ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ‘ಬ್ಯಾಂಕಿನವರೇ ಬಂದು ನೋಡಿ ಸಾಲ ಕೊಟ್ಟಿದ್ದಾರೆ, ಇನ್ನೇನು ಬೇಕು?’ ಎಂಬುದು ಇದರ ಮುಂದಿನ ಮಾತು.

ಬ್ಯಾಂಕಿನವರು ಬರುವುದು ನಿಜ. ಅವರು ಕಳಿಸುವ ಮೌಲ್ಯಮಾಪಕರು ಕಟ್ಟಡ ಅಲ್ಲಿ ಇದೆಯೇ, ನಕ್ಷೆಗೆ ಹೊಂದುತ್ತದೆಯೇ, ಸಾಲ ಮರಳದಿದ್ದರೆ ಎಷ್ಟಕ್ಕೆ ಮಾರಬಹುದು ಎಂದು ನೋಡಿ ಹೋಗುತ್ತಾರೆ. ಬ್ಯಾಂಕಿಗೆ ಬೇಕಾದದ್ದು ಅಷ್ಟೇ. ಬಾತ್‌ರೂಮಿನ ನೀರು ಬೆಡ್‌ರೂಮಿನ ಗೋಡೆಗೆ ಇಳಿಯುತ್ತಿದೆಯೇ ಎಂಬುದು ಅವರ ಫಾರಂನಲ್ಲಿ ಇರುವುದಿಲ್ಲ. ಓಸಿ ಕೂಡ ಹಾಗೆಯೇ. ಮಂಜೂರಾದ ನಕ್ಷೆಯಂತೆ, ನಿಯಮದಂತೆ ಕಟ್ಟಿದ್ದಾರೆ, ವಾಸಕ್ಕೆ ಬಿಡಬಹುದು ಎನ್ನುವ ಪತ್ರ ಅದು. ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಹೇಗಿದೆ ಎಂದು ಪಾಲಿಕೆಯ ಯಾರೂ ಕಿತ್ತು ನೋಡಿರುವುದಿಲ್ಲ.

ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ‘ಹೋಮ್ ಇನ್‌ಸ್ಪೆಕ್ಷನ್’ ಮಾಡಿಕೊಡುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಹೊಸ ಫ್ಲಾಟಿನ ಕೀ ತೆಗೆದುಕೊಳ್ಳುವ ಮುನ್ನ ಇವರನ್ನು ಕರೆಸುವ ರೂಢಿ, ಮುಖ್ಯವಾಗಿ ಐಟಿ ನೌಕರರಲ್ಲಿ, ನಿಧಾನವಾಗಿ ಬೆಳೆಯುತ್ತಿದೆ. ಅಮೆರಿಕ, ಕೆನಡಾದಲ್ಲಿ ಇದ್ದುಕೊಂಡು ಇಲ್ಲಿ ಫ್ಲಾಟ್ ಬುಕ್ ಮಾಡಿದ ಕನ್ನಡಿಗರಿಗೆ ಇದು ಇನ್ನೂ ಉಪಯುಕ್ತ. ಇಲ್ಲದಿದ್ದರೆ ಪವರ್ ಆಫ್ ಅಟಾರ್ನಿ ಹಿಡಿದ ಎಪ್ಪತ್ತು ವರ್ಷದ ಅಪ್ಪ ಹದಿನಾಲ್ಕನೇ ಮಹಡಿಗೆ ಹೋಗಿ, ಬಿಲ್ಡರ್ ಕಡೆಯ ಹುಡುಗ ತೋರಿಸಿದ್ದನ್ನೆಲ್ಲ ನೋಡಿ, ಅವನು ಹೇಳಿದಲ್ಲೆಲ್ಲ ಸಹಿ ಹಾಕಿ ಬರುತ್ತಾರೆ. ಬೆಳವಣಿಗೆ ಒಳ್ಳೆಯದೇ. ನನ್ನ ತಕರಾರು ಎರಡು. ನಾವು ಈ ತಪಾಸಣೆಯನ್ನು ತಪ್ಪು ಸಮಯಕ್ಕೆ ಮಾಡಿಸುತ್ತಿದ್ದೇವೆ. ಅದಕ್ಕಿಂತ ಮುಖ್ಯವಾಗಿ, ನಾವು ಕೊಳ್ಳುವ ಆಸ್ತಿಯಲ್ಲಿ ತೀರ ಸಣ್ಣ ಭಾಗವನ್ನು ಮಾತ್ರ ನೋಡಿಸುತ್ತಿದ್ದೇವೆ.

ಮೊದಲು ಮನೆಯ ಒಳಗೆ ಏನು ಕಾಣುತ್ತದೆ ಎಂಬುದನ್ನು ನೋಡೋಣ. ಬಂದವರು ಟೈಲ್ಸನ್ನು ಕೋಲಿನಿಂದ ತಟ್ಟುತ್ತಾ ಹೋಗುತ್ತಾರೆ. ಪೊಳ್ಳು ಸದ್ದು ಬಂದಲ್ಲಿ ಕೆಳಗೆ ಗಾರೆ ಸರಿಯಾಗಿ ತುಂಬಿಲ್ಲ ಎಂದರ್ಥ. ಲೇಸರ್ ಅಳತೆಯಿಂದ ಕಾರ್ಪೆಟ್ ಏರಿಯಾ ಲೆಕ್ಕ ಹಾಕಿ ಅಗ್ರಿಮೆಂಟಿನ ಅಂಕಿಗೆ ಹೋಲಿಸುತ್ತಾರೆ. ಪ್ರತಿ ಪ್ಲಗ್ ಪಾಯಿಂಟಿಗೂ ಸಣ್ಣ ಟೆಸ್ಟರ್ ಸಿಕ್ಕಿಸಿ ಅರ್ಥಿಂಗ್ ಇದೆಯೇ, ಫೇಸ್-ನ್ಯೂಟ್ರಲ್ ಅದಲುಬದಲಾಗಿದೆಯೇ ನೋಡುತ್ತಾರೆ. ಶಾಕ್ ಹೊಡೆದಾಗ ಕರೆಂಟ್ ಕಡಿಯಬೇಕಾದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ನಿಜಕ್ಕೂ ಟ್ರಿಪ್ ಆಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಗೀಸರ್ ಇರುವ ಮನೆಯಲ್ಲಿ ಇದೊಂದೇ ಪರೀಕ್ಷೆ ಅವರಿಗೆ ಕೊಟ್ಟ ಹಣಕ್ಕೆ ಸಾಕು. ಬೀಮು ಮತ್ತು ಸಿಮೆಂಟ್ ಬ್ಲಾಕ್ ಗೋಡೆ ಸೇರುವ ಕಡೆ ಉದ್ದಕ್ಕೆ ಕಾಣುವ ಕೂದಲೆಳೆ ಬಿರುಕು ಹೆಚ್ಚಾಗಿ ಪ್ಲಾಸ್ಟರಿನದು, ಅದಕ್ಕೆ ಹೆದರಬೇಕಿಲ್ಲ. ಬೀಮಿನಲ್ಲೇ, ಕಂಬದಲ್ಲೇ ಇರುವ ಬಿರುಕು ಬೇರೆ ಮಾತು. ಈ ವ್ಯತ್ಯಾಸವನ್ನು ಗೊತ್ತಿರುವವರು ಹೇಳಬೇಕು. ನಮ್ಮ ಕಣ್ಣಿಗೆ ಎರಡೂ ಒಂದೇ ಗೆರೆ.

ಅಪಾರ್ಟ್‌ಮೆಂಟುಗಳಲ್ಲಿ ಅತಿ ಹೆಚ್ಚು ಜಗಳ ಹುಟ್ಟಿಸುವುದು ಬಾತ್‌ರೂಮು. ಪೈಪು ಹಾಯಿಸಲೆಂದು ಅಲ್ಲಿನ ಸ್ಲ್ಯಾಬನ್ನು ತಗ್ಗಿಸಿ ಹಾಕಿ, ಮೇಲೆ ಏನಾದರೂ ತುಂಬಿಸಿ ಟೈಲ್ಸ್ ಹಾಸುತ್ತಾರೆ. ಟೈಲ್ಸ್ ಹಾಸುವ ಮೊದಲು ಆ ತಗ್ಗಿನಲ್ಲಿ ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮಹಡಿಯ ಸೂರಿನಲ್ಲಿ ತೇವ ಬರುತ್ತದೆಯೇ ಎಂದು ನೋಡಬೇಕು. ಅವಸರದ ಕೆಲಸದಲ್ಲಿ ಇದು ಹಾರಿಹೋಗುತ್ತದೆ. ಆಮೇಲೆ ಟೈಲ್ಸ್ ಸಂದಿನಿಂದ ಇಳಿದ ನೀರು ಮೊದಲು ಆ ತಗ್ಗನ್ನು ತುಂಬುತ್ತದೆ. ವರ್ಷಗಟ್ಟಲೆ ಅಲ್ಲೇ ನಿಂತು, ಒಂದು ಕಡೆ ಬೆಡ್‌ರೂಮಿನ ಗೋಡೆಯ ಬುಡಕ್ಕೂ ಇನ್ನೊಂದು ಕಡೆ ಕೆಳಮನೆಯ ಸೂರಿಗೂ ಹರಿಯುತ್ತದೆ. ಮಾರುವವರು ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಮೇಲ್ನೋಟಕ್ಕೆ ಏನೂ ಕಾಣದು. ತೇವ ಅಳೆಯುವ ಮೀಟರಿಗೆ ಬಣ್ಣ ಅಡ್ಡಿಯಾಗುವುದಿಲ್ಲ. ಸ್ಕರ್ಟಿಂಗಿನಿಂದ ಒಂದು ಗೇಣು ಮೇಲೆ ಇಟ್ಟರೆ ಅಂಕಿ ಏರುತ್ತದೆ, ಎದೆಮಟ್ಟಕ್ಕೆ ಒಯ್ದರೆ ಇಳಿಯುತ್ತದೆ. ಥರ್ಮಲ್ ಕ್ಯಾಮೆರಾದಲ್ಲಿ ಅದೇ ಜಾಗ ತಣ್ಣನೆಯ ಕಲೆಯಾಗಿ ಕಾಣುತ್ತದೆ.

ಇದೆಲ್ಲಕ್ಕಿಂತ ಖಚಿತವಾದ, ದುಡ್ಡು ಖರ್ಚಿಲ್ಲದ ಉಪಾಯ ಇನ್ನೊಂದಿದೆ. ಕೆಳಮನೆಯವರ ಬಾಗಿಲು ತಟ್ಟಿ, ಅವರ ಬಾತ್‌ರೂಮಿನ ಸೂರು ತೋರಿಸಲು ಕೇಳುವುದು. ನೀವು ಕೊಳ್ಳಲಿರುವ ಮನೆಯ ಸೋರಿಕೆ ಕಾಣುವುದು ಅಲ್ಲಿ. ನಿಮ್ಮ ಬಾತ್‌ರೂಮಿನ ಫಾಲ್ಸ್ ಸೀಲಿಂಗ್ ಮುಚ್ಚಳ ತೆಗೆಸಿ ನೋಡಿದರೆ ಮೇಲ್ಮನೆಯದು ಕಾಣುತ್ತದೆ. ‘ನಮ್ಮದೇನೂ ಸೋರುತ್ತಿಲ್ಲ, ನೀವೇ ಮಾಡಿಸಿಕೊಳ್ಳಿ’ ಎನ್ನುವ ಮೇಲ್ಮನೆಯವರ ಕೆಳಗೆ ಹತ್ತು ವರ್ಷ ಬದುಕುವುದು ಎಷ್ಟು ಕಷ್ಟವೆಂದು ಅನುಭವಿಸಿದವರನ್ನೇ ಕೇಳಬೇಕು.

ಇಷ್ಟೆಲ್ಲ ನೋಡಿಸಿದರೂ ನೋಡಿದ್ದು ನಾಲ್ಕು ಗೋಡೆಯ ಒಳಗಿನದು ಮಾತ್ರ. ಫ್ಲಾಟ್ ಕೊಂಡವರು ಅದರ ಜೊತೆಗೆ ಅವಿಭಾಜ್ಯ ಪಾಲನ್ನೂ ಕೊಳ್ಳುತ್ತಾರೆ. ನೆಲ, ತಳಪಾಯ, ಕಂಬ, ತಾರಸಿ, ಬೇಸ್‌ಮೆಂಟು, ಲಿಫ್ಟು, ಸಂಪು, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಅಗ್ನಿಶಾಮಕ ಪೈಪು ಎಲ್ಲದರಲ್ಲೂ ಒಂದು ಚೂರು. 200 ಮನೆಯ ಸಮುಚ್ಚಯದಲ್ಲಿ ಆ ಚೂರು ಸಣ್ಣದೇ. ಆದರೆ ತಾರಸಿ ಸೋರಿದರೆ, ಎಸ್‌ಟಿಪಿ ಕೆಟ್ಟರೆ ಅದರ ಬಿಲ್ಲು ಬರುವುದು ಈ ಚೂರಿನ ಲೆಕ್ಕದಲ್ಲೇ. ಕೆಟ್ಟ ಟೈಲ್ಸ್ ಬದಲಾಯಿಸುವುದು ಒಂದು ವಾರದ ಕೆಲಸ. ಕೆಟ್ಟ ಬೇಸ್‌ಮೆಂಟ್ ಸರಿಮಾಡಬೇಕೆಂದರೆ 200 ಮನೆಯವರು ಒಪ್ಪಬೇಕು, ಹಣ ಕೂಡಿಸಬೇಕು.

ಹಾಗೆ ಒಪ್ಪದೆ ವರ್ಷಗಳನ್ನು ಕಳೆದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಘೋರ ಉದಾಹರಣೆಯಿದೆ. ಮಯಾಮಿ ಬಳಿಯ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಾಂಡೋ (ಒಂದೊಂದು ಮನೆಗೂ ಬೇರೆ ಮಾಲೀಕರಿರುವ ಅಪಾರ್ಟ್‌ಮೆಂಟ್) ಕಟ್ಟಡದ ಒಂದು ದೊಡ್ಡ ಭಾಗ 2021ರ ಜೂನ್ 24ರ ನಸುಕಿನಲ್ಲಿ ಕುಸಿದು 98 ಜನ ಸತ್ತರು. ಈಜುಕೊಳದ ಡೆಕ್‌ನ ವಾಟರ್‌ಪ್ರೂಫಿಂಗ್ ವಿಫಲವಾಗಿದೆ, ಅದರ ಕೆಳಗಿನ ಕಾಂಕ್ರೀಟ್ ಸ್ಲ್ಯಾಬಿಗೆ ಗಂಭೀರ ಹಾನಿಯಾಗಿದೆ ಎಂದು ಎಂಜಿನಿಯರೊಬ್ಬರು 2018ರಲ್ಲೇ ವರದಿ ಕೊಟ್ಟಿದ್ದರು. ಖರ್ಚಿನ ಚರ್ಚೆಯಲ್ಲೇ ಎರಡೂವರೆ ವರ್ಷ ಹೋಯಿತು. 2021ರ ಏಪ್ರಿಲ್ ಹೊತ್ತಿಗೆ ಸುಮಾರು 1.5 ಕೋಟಿ ಡಾಲರ್ ಕೂಡಿಸುವುದು ಎಂದಾಗಿತ್ತು. ಆ ನಡುವಿನ ವರ್ಷಗಳಲ್ಲಿ ಅಲ್ಲಿ ಮನೆ ಕೊಳ್ಳಲು ಹೋದವರು ಒಳ್ಳೆಯ ಇನ್‌ಸ್ಪೆಕ್ಟರನ್ನು ಕರೆದೊಯ್ದು ತಮ್ಮ ಫ್ಲಾಟಿನ ಮೂಲೆಮೂಲೆ ತೋರಿಸಿದ್ದರೂ ಅಪಾಯ ಕಾಣುತ್ತಿರಲಿಲ್ಲ. ಅದು ಇದ್ದದ್ದು ಪಾರ್ಕಿಂಗ್ ಜಾಗದಲ್ಲಿ, ಮನೆ ಮಾಲೀಕರ ಅಸೋಸಿಯೇಷನ್ನಿನ ಕಡತದಲ್ಲಿ. 2022ರಲ್ಲಿ ಫ್ಲಾರಿಡಾ ಕಾನೂನು ಬದಲಿಸಿತು. ಮೂರು ಮಹಡಿ ಮತ್ತು ಅದಕ್ಕಿಂತ ಎತ್ತರದ ಕಾಂಡೋಗಳಿಗೆ 30 ವರ್ಷ ತುಂಬಿದಾಗ ಕಡ್ಡಾಯ ರಚನಾ ತಪಾಸಣೆ ಬಂತು, ದೊಡ್ಡ ದುರಸ್ತಿಗೆ ನಿಧಿ ಕಟ್ಟಿಡುವ ಅಧ್ಯಯನ ಬಂತು, ಆ ವರದಿಗಳು ಕೊಳ್ಳುವವರ ಕೈಗೂ ಸಿಗಬೇಕು ಎಂದಾಯಿತು.

ಅದು ನಲವತ್ತು ವರ್ಷದ ಕಡಲತೀರದ ಕಟ್ಟಡ, ನಮ್ಮವು ಹೊಸವು ಎನ್ನುವಂತಿಲ್ಲ. ಗುರುಗ್ರಾಮದ ಸೆಕ್ಟರ್ 109ರ ಚಿಂಟೆಲ್ಸ್ ಪ್ಯಾರಡೈಸೊ ಹಳೆಯ ಕಟ್ಟಡವೇನಲ್ಲ. 2022ರ ಫೆಬ್ರುವರಿ 10ರಂದು ಅದರ ಡಿ ಟವರಿನಲ್ಲಿ ಆರನೇ ಮಹಡಿಯಿಂದ ಕೆಳಕ್ಕೆ ಒಂದರ ಮೇಲೊಂದು ಸ್ಲ್ಯಾಬ್ ಕುಸಿದು ಇಬ್ಬರು ಮಹಿಳೆಯರು ಸತ್ತರು. ದೆಹಲಿ ಐಐಟಿಯ ತಜ್ಞರು ಕಾಂಕ್ರೀಟಿನಲ್ಲಿ ಕ್ಲೋರೈಡ್ ಅಂಶ ಸೇರಿ ಕಬ್ಬಿಣ ತುಕ್ಕು ಹಿಡಿದಿರುವುದನ್ನು ಕಂಡು, ಆ ಟವರು ದುರಸ್ತಿಗೆ ಯೋಗ್ಯವಲ್ಲ ಎಂದರು. ನಂತರ ಬೇರೆ ಟವರುಗಳನ್ನೂ ಖಾಲಿ ಮಾಡಿಸಬೇಕಾಯಿತು. ಕಾಂಕ್ರೀಟಿನೊಳಗಿನ ಕ್ಲೋರೈಡ್ ಯಾವ ಹೋಮ್ ಇನ್‌ಸ್ಪೆಕ್ಟರಿನ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅದಕ್ಕೆ ಕಾಂಕ್ರೀಟಿನ ತುಂಡನ್ನು (ಕೋರ್) ಕೊರೆದು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಮನೆ ಕೊಳ್ಳುವವರು ಮಾಡಿಸುವ ಕೆಲಸವಲ್ಲ ಅದು. ಅವರು ಮಾಡಬಹುದಾದದ್ದು, ಅಸೋಸಿಯೇಷನ್ ಎಂದಾದರೂ ಸ್ಟ್ರಕ್ಚರಲ್ ಆಡಿಟ್ ಮಾಡಿಸಿದೆಯೇ ಎಂದು ಕೇಳುವುದು, ಮತ್ತು ತಾವು ಕರೆತಂದ ಎಂಜಿನಿಯರನ್ನು ಮನೆಗಿಂತ ಮೊದಲು ಬೇಸ್‌ಮೆಂಟಿಗೆ ಕರೆದೊಯ್ಯುವುದು.

ಬೇಸ್‌ಮೆಂಟಿನಲ್ಲಿ ಕಟ್ಟಡ ಬಹಳ ಮಟ್ಟಿಗೆ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ತಡೆಗೋಡೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಎದ್ದಿದ್ದರೆ ಮಣ್ಣಿನ ಕಡೆಯಿಂದ ನೀರು ಬರುತ್ತಿದೆ. ಸ್ಲ್ಯಾಬಿನ ಅಡಿಯಲ್ಲಿ ಕಂದು ತುಕ್ಕಿನ ಗೆರೆ ಇಳಿದಿದ್ದರೆ ಆ ನೀರು ಕಬ್ಬಿಣವನ್ನು ಮುಟ್ಟಿದೆ. ಪಕ್ಕದ ಪಂಪ್ ಕೋಣೆಗೆ ಹೋದರೆ ಬೆಂಕಿ ನಂದಿಸುವ ಪಂಪಿನ ಪ್ಯಾನೆಲ್ ಇರುತ್ತದೆ. ಅದರ ಸ್ವಿಚ್ ‘ಆಟೋ’ದಲ್ಲಿ ಇರಬೇಕು, ಪೈಪಿನ ಮೇಲಿನ ಮೀಟರಿನ ಮುಳ್ಳು ಒತ್ತಡ ತೋರಿಸುತ್ತಿರಬೇಕು. ಮುಳ್ಳು ಸೊನ್ನೆಯಲ್ಲಿ ಮಲಗಿದ್ದರೆ ಹದಿನಾಲ್ಕನೇ ಮಹಡಿಯ ಹೋಸ್‌ನಲ್ಲಿ ನೀರು ಬರುವ ಭರವಸೆಯಿಲ್ಲ. ಇದನ್ನು ನೋಡಲು ಎರಡು ನಿಮಿಷ ಸಾಕು. ಇಡೀ ಸಮುಚ್ಚಯವನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಅಂದಾಜು ನನಗೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಕ್ಕಿಲ್ಲ.

ನೀರಿನದು ಬೇರೆಯೇ ವಿಷಯ, ಮತ್ತು ಬೆಂಗಳೂರಿನ ಮಟ್ಟಿಗೆ ಎರಡು ರೀತಿಯದು. ಒಂದು, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ, ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ನೀರು ತಂದಿದೆ. ಆದರೂ ಈ ಅಪಾರ್ಟ್‌ಮೆಂಟಿಗೆ ಸಂಪರ್ಕ ಬಂದಿದೆಯೇ, ಬಂದಿದ್ದರೆ ಸಾಕಾಗುತ್ತಿದೆಯೇ ಎಂಬುದು ಬ್ರೋಷರಿನಿಂದ ತಿಳಿಯದು. ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲು ತೋರಿಸಲು ಕೇಳಿದರೆ ತಿಳಿಯುತ್ತದೆ. ಇನ್ನೊಂದು, ಬೇಡದ ನೀರು. 2024ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರದಿಂದ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. 2021ರಲ್ಲೂ ಅಲ್ಲಿ ನೀರು ನುಗ್ಗಿತ್ತು. ಆ ಮನೆಗಳ ಒಳಗೆ ಯಾವ ದೋಷವೂ ಇಲ್ಲದಿರಬಹುದು, ತೊಂದರೆಯಿರುವುದು ಕೆರೆ ಮತ್ತು ನೆಲದ ಇಳಿಜಾರಿನಲ್ಲಿ. ಆದ್ದರಿಂದ ತಪಾಸಣೆಯನ್ನು ಆದಷ್ಟೂ ಮಳೆಗಾಲದಲ್ಲಿ, ಒಂದು ದೊಡ್ಡ ಮಳೆಯ ಮರುದಿನ ಇಟ್ಟುಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲಿ ಎಲ್ಲ ತಾರಸಿಯೂ ಒಣಗಿಯೇ ಇರುತ್ತದೆ.

ಹಳೆಯ ಅಪಾರ್ಟ್‌ಮೆಂಟಿನಲ್ಲಿ ಮರುಮಾರಾಟದ ಫ್ಲಾಟ್ ಕೊಳ್ಳುವವರು ಇದಕ್ಕೆ ಅಸೋಸಿಯೇಷನ್ನಿನ ಪುಸ್ತಕಗಳನ್ನೂ ಸೇರಿಸಿಕೊಳ್ಳಬೇಕು. ಕೆನಡಾದ ಒಂಟಾರಿಯೊದಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ವ್ಯವಸ್ಥೆಯಿದೆ. ಕೊಳ್ಳುವವರು ಕೇಳಿದರೆ ಕಾಂಡೋ ಆಡಳಿತ 10 ದಿನದೊಳಗೆ ‘ಸ್ಟೇಟಸ್ ಸರ್ಟಿಫಿಕೇಟ್’ ಕೊಡಲೇಬೇಕು, ಅದಕ್ಕೆ 100 ಡಾಲರಿಗಿಂತ ಹೆಚ್ಚು ಕೇಳುವಂತಿಲ್ಲ. ನಿಧಿಯಲ್ಲಿ ಎಷ್ಟಿದೆ, ಯಾವ ಮೊಕದ್ದಮೆ ನಡೆಯುತ್ತಿದೆ, ದೊಡ್ಡ ಖರ್ಚು ಬರಲಿದೆಯೇ ಎಂಬುದೆಲ್ಲ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಮಾರುವವರು ತರುವ ‘ನೋ ಡ್ಯೂಸ್’ ಪತ್ರ ಅವರ ಮೇಂಟೆನೆನ್ಸ್ ಬಾಕಿಯಿಲ್ಲ ಎಂದಷ್ಟೇ ಹೇಳುತ್ತದೆ. ಉಳಿದದ್ದನ್ನು ನಾವೇ ಕೇಳಿ ಪಡೆಯಬೇಕು: ಕಳೆದ ಎರಡು ಮೂರು ವರ್ಷಗಳ ವಾರ್ಷಿಕ ಸಭೆಯ ನಡಾವಳಿ, ಆಡಿಟ್ ಆದ ಲೆಕ್ಕ, ದೊಡ್ಡ ಖರ್ಚಿಗೆಂದು ಕೂಡಿಟ್ಟ ಕಾರ್ಪಸ್ ಫಂಡಿನಲ್ಲಿ ಉಳಿದಿರುವ ಮೊತ್ತ. ನಡಾವಳಿ ಓದಲು ಬೇಸರವೆನಿಸಬಹುದು. ಆದರೆ ‘ತಾರಸಿ ವಾಟರ್‌ಪ್ರೂಫಿಂಗ್ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು’ ಎಂಬ ಸಾಲು ಸಭೆಯಿಂದ ಸಭೆಗೆ ಮರಳಿ ಬರುತ್ತಿದ್ದರೆ, ಆ ಖರ್ಚು ಮುಂದೆ ನಿಮ್ಮ ಪಾಲಿಗೆ ಕಾದಿದೆ.

ಇನ್ನು ಸಮಯದ ಮಾತು. ಈಗ ಹೆಚ್ಚಿನವರು ತಪಾಸಣೆ ಮಾಡಿಸುವುದು ಕೊನೆಯ ಕಂತು ಕಟ್ಟಿ, ನೋಂದಣಿ ಮುಗಿಸಿ, ಇಂಟೀರಿಯರ್ ಕೆಲಸಕ್ಕೆ ಕೈಹಾಕುವ ಮುನ್ನ. ಅಷ್ಟು ಹೊತ್ತಿಗೆ ನಿಮ್ಮ ಕೈಯಲ್ಲಿ ಉಳಿಯುವುದು ದೂರು ಕೊಡುವ ಹಕ್ಕು ಮಾತ್ರ. ಹೊಸ ಫ್ಲಾಟುಗಳಿಗೆ ಆ ಹಕ್ಕು ಗಟ್ಟಿಯಾಗಿಯೇ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಂ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ, ಸೇವೆಗಳಲ್ಲಿ ದೋಷ ಕಂಡುಬಂದರೆ ಬಿಲ್ಡರ್ 30 ದಿನದಲ್ಲಿ ಖರ್ಚು ಕೇಳದೆ ಸರಿಪಡಿಸಬೇಕು, ಇಲ್ಲದಿದ್ದರೆ ಪರಿಹಾರ ಕೊಡಬೇಕು. ಮೊದಲು ಕೊಂಡವರಿಂದ ಮರುಮಾರಾಟದಲ್ಲಿ ಪಡೆದವರನ್ನೂ ಕಾಯ್ದೆಯ ‘ಅಲಾಟಿ’ (ಮನೆ ಹಂಚಿಕೆ ಪಡೆದವರು) ವ್ಯಾಖ್ಯಾನ ಒಳಗೊಳ್ಳುತ್ತದೆ, ಆದ್ದರಿಂದ ಮೂರು ವರ್ಷದ ಹಳೆಯ ಫ್ಲಾಟ್ ಕೊಳ್ಳುವವರು ಉಳಿದ ಎರಡು ವರ್ಷವನ್ನು ಮರೆಯಬಾರದು. ಆದರೆ ಹಕ್ಕಿದೆ ಎಂಬುದು ಒಂದು, ಅದನ್ನು ಪಡೆಯಲು ಪತ್ರ ಬರೆಯುತ್ತಾ, ರೇರಾ ಕಚೇರಿಗೆ ಅಲೆಯುತ್ತಾ ಇರುವುದು ಇನ್ನೊಂದು. ಕೊನೆಯ ಕಂತು ಇನ್ನೂ ನಿಮ್ಮ ಖಾತೆಯಲ್ಲಿ ಇರುವಾಗ ಕೊಟ್ಟ ದೋಷಪಟ್ಟಿಗೆ ಬಿಲ್ಡರ್ ಕಡೆಯವರು ತೋರುವ ಚುರುಕನ್ನು ಆಮೇಲೆ ಕಾಣುವುದು ಅಪರೂಪ.

ಹೊರಗಿನ ಇನ್‌ಸ್ಪೆಕ್ಟರನ್ನು ಒಳಗೆ ಬಿಡುವುದಿಲ್ಲ ಎನ್ನುವ ಬಿಲ್ಡರುಗಳೂ ಇದ್ದಾರೆ. ಮಂಜೂರಾದ ನಕ್ಷೆ, ನಿರ್ಮಾಣದ ವಿವರಗಳನ್ನು ಪಡೆಯುವ ಹಕ್ಕು ರೇರಾದಲ್ಲಿದೆ. ಹೊರಗಿನ ತಜ್ಞರಿಂದ ತಪಾಸಣೆ ಮಾಡಿಸುವ ಹಕ್ಕನ್ನು ಅದು ಹೆಸರಿಟ್ಟು ಹೇಳಿಲ್ಲ. ಹೇಳಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸದ್ಯಕ್ಕೆ, ಬುಕಿಂಗ್ ಮಾಡುವಾಗಲೇ ಇ-ಮೇಲ್‌ನಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳುವುದೇ ದಾರಿ. ಓಸಿ ಬಂದ ಮೇಲೆ ಸ್ವಾಧೀನ ಪಡೆಯಲು ಕಾಯ್ದೆ ಎರಡು ತಿಂಗಳು ಕೊಡುತ್ತದೆ. ‘ಹದಿನೈದು ದಿನದಲ್ಲಿ ಬಂದು ಕೀ ತಗೊಳ್ಳಿ’ ಎಂಬ ಪತ್ರ ಬಂದರೆ ಗಾಬರಿಯಾಗದೆ ಆ ಎರಡು ತಿಂಗಳನ್ನು ನೆನಪಿಸಬಹುದು.

ಐದು ವರ್ಷ ದಾಟಿದ ಮರುಮಾರಾಟದ ಫ್ಲಾಟಿಗೆ ರೇರಾದ ಈ ರಕ್ಷಣೆ ಇಲ್ಲ. ಅಲ್ಲಿ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಇದೆ. ತನಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ಹೇಳಬೇಕು ಎನ್ನುತ್ತದೆ ಅದು. ಹಾಗೆಂದರೆ, ಎಚ್ಚರಿಕೆಯಿಂದ ನೋಡಿದ್ದರೆ ಕಾಣುತ್ತಿದ್ದ ದೋಷವನ್ನು ಅವರು ಹೇಳಬೇಕಿಲ್ಲ. ನೋಡುವ ಹೊಣೆ ಕೊಳ್ಳುವವರದು. ತಪಾಸಣೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಇಲ್ಲಿ, ಮಾಡಿಸುವವರು ಕಡಿಮೆಯಿರುವುದೂ ಇಲ್ಲೇ.

ಯಾರನ್ನು ಕರೆಯಬೇಕು ಎಂಬುದರಲ್ಲೂ ಎಚ್ಚರ ಬೇಕು. ಅಮೆರಿಕದ ಟೆಕ್ಸಾಸ್, ಫ್ಲಾರಿಡಾದಂಥ ರಾಜ್ಯಗಳಲ್ಲಿ ಹೋಮ್ ಇನ್‌ಸ್ಪೆಕ್ಟರಿಗೆ ಸರ್ಕಾರದ ಲೈಸೆನ್ಸ್ ಬೇಕು. ಭಾರತದಲ್ಲಿ ಅಂಥ ಲೈಸೆನ್ಸ್ ಇಲ್ಲ, ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಬರುವವರು ಸಿವಿಲ್ ಎಂಜಿನಿಯರೇ, ಹಿಂದೆ ಕೊಟ್ಟ ಒಂದು ವರದಿಯ ಮಾದರಿ ತೋರಿಸುತ್ತಾರೆಯೇ, ಇಂಟೀರಿಯರ್ ಅಥವಾ ವಾಟರ್‌ಪ್ರೂಫಿಂಗ್ ಕಂಟ್ರಾಕ್ಟನ್ನೂ ತಾವೇ ಮಾಡುತ್ತಾರೆಯೇ ಎಂದು ಕೇಳಿ. ದೋಷ ಹುಡುಕುವವರೇ ಅದನ್ನು ಸರಿಪಡಿಸಲು ಕೊಟೇಶನ್ ಕೊಟ್ಟರೆ ಆ ವರದಿಯನ್ನು ಎಷ್ಟು ನಂಬುವುದು? ಬಿಲ್ಡರೋ ಬ್ರೋಕರೋ ಸೂಚಿಸಿದವರು ಬೇಡ. ಪ್ಲಾಸ್ಟರಿನ ಇನ್ನೂರು ಫೋಟೊ ತುಂಬಿದ ದಪ್ಪ ವರದಿಗಿಂತ, ಯಾವುದು ಅಪಾಯ, ಯಾವುದು ಖರ್ಚು, ಯಾವುದು ಬರೀ ಅಂದಗೆಡಿಸುವಂಥದ್ದು ಎಂದು ವಿಂಗಡಿಸಿದ ನಾಲ್ಕು ಪುಟ ಮೇಲು. ಚದರಡಿಗೆ ಕೆಲವು ರೂಪಾಯಿಯ ಲೆಕ್ಕದ ಈ ಖರ್ಚು ನೋಂದಣಿಯ ದಿನ ಕಟ್ಟುವ ಹಣದ ಮುಂದೆ ಏನೂ ಅಲ್ಲ.

ಮರುಮಾರಾಟದಲ್ಲಿ ಇದನ್ನೆಲ್ಲ ಮಾಡಲು ಸರಿಯಾದ ಹೊತ್ತು ಟೋಕನ್ ಕೊಡುವ ದಿನ ಮತ್ತು ಸೇಲ್ ಅಗ್ರಿಮೆಂಟಿನ ನಡುವೆ. ಟೋಕನ್ ರಸೀದಿಯಲ್ಲೇ ಎರಡು ಸಾಲು ಬರೆಸಿಕೊಳ್ಳಬಹುದು: ಹತ್ತು ದಿನದೊಳಗೆ ಕೊಳ್ಳುವವರು ತಮ್ಮ ಖರ್ಚಿನಲ್ಲಿ ಎಂಜಿನಿಯರಿಂದ ಫ್ಲಾಟನ್ನೂ ಸಾಮಾನ್ಯ ಭಾಗಗಳನ್ನೂ ನೋಡಿಸುತ್ತಾರೆ, ಅದಕ್ಕೆ ಬೇಕಾದ ಅಸೋಸಿಯೇಷನ್ ಅನುಮತಿಯನ್ನು ಮಾರುವವರು ಕೊಡಿಸುತ್ತಾರೆ, ದೊಡ್ಡ ದೋಷ ಕಂಡರೆ ಬೆಲೆ ಮತ್ತೆ ಮಾತಾಡುವುದು, ಒಪ್ಪಿಗೆಯಾಗದಿದ್ದರೆ ಟೋಕನ್ ಪೂರ್ತಿ ವಾಪಸು. ಬಹಳಷ್ಟು ಮಾರಾಟಗಾರರು ಇದನ್ನು ಒಪ್ಪುತ್ತಾರೆ, ಏಕೆಂದರೆ ಅವರಿಗೂ ವ್ಯವಹಾರ ಬೇಗ ಮುಗಿಯಬೇಕು. ‘ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಬೇರೆಯವರು ಕಾಯುತ್ತಿದ್ದಾರೆ’ ಎಂದು ಬ್ರೋಕರ್ ಅವಸರ ಮಾಡಿದರೆ, ಅದೇ ಸಂಜೆ ಕೆಳಮನೆಯವರ ಬಾಗಿಲನ್ನು ತಟ್ಟಿ ನೋಡುವುದಕ್ಕಂತೂ ಯಾರ ಅನುಮತಿಯೂ ಬೇಕಿಲ್ಲ.